ಚುಕ್ಕೆ ಕನ್ನಡಕ್ಕಾಗಿ ಕಿಗಾಲಿಗೆ

ಹರಿಯಬ್ಬೆ

ಆಫ್ರಿಕಾಕ್ಕೆ ಹೊರಟಿದ್ದೇನೆ ಎಂದು ಹೇಳಿದಾಗ ನಮ್ಮಣ್ಣ ಕುರಿಗಳಿಗೆ ನೀರು ಕುಡಿಸುತ್ತಿದ್ದ. ತಿರುಗಿಯೂ ನೋಡಲಿಲ್ಲ.

"ಯಾತಕ್ಕೆ?"

"ಒಂದು ಚುಕ್ಕೆ ವಿಚಾರಕ್ಕೆ."

ಆಗ ತಿರುಗಿದ. ನಾನು ಹಿರಿಯೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ತಂಗಿಗೆ ತಲೆ ಕೆಟ್ಟಿದೆಯೋ ಏನೋ ಎಂಬ ಅನುಮಾನ ಅವನಿಗೆ ನಾನು ಎಂ.ಎ. ಸೇರಿದಾಗಿನಿಂದಲೂ ಇದೆ. ಅವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಇಬ್ಬರಿಗೂ ಸೇರಿಸಿ ವಿವರಿಸಿದೆ. ವೆಬ್‌ಸೈಟಿನ ವಿಳಾಸದ ಕೊನೆಯಲ್ಲಿ ಒಂದು ಚುಕ್ಕೆ ಇಟ್ಟು ಕಾಮ್ ಎಂದೋ ಇನ್ ಎಂದೋ ಬರೆದಿರುತ್ತದಲ್ಲ, ಆ ಚುಕ್ಕೆಯಾಚೆಗಿನ ಪದ ಮನೆತನದ ಹೆಸರಿದ್ದ ಹಾಗೆ. ಮುಂದಿನ ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಮನೆತನದ ಹೆಸರು ಹಾಗಲ್ಲ. ಅದನ್ನು ಕೊಡುವುದಕ್ಕೆ ಪ್ರಪಂಚಕ್ಕೆಲ್ಲ ಒಂದೇ ಸಂಸ್ಥೆ. ಹಿಂದೊಮ್ಮೆ ಅದು ಹೊಸ ಹೆಸರುಗಳಿಗೆ ಬಾಗಿಲು ತೆರೆದು ಹತ್ತು ವರ್ಷದ ಮೇಲಾಯಿತು. ಆಮೇಲೆ ಮುಚ್ಚಿದ ಬಾಗಿಲು ಸಮಿತಿ, ಉಪಸಮಿತಿ, ವರದಿ ಎಂದು ಮುಚ್ಚಿಯೇ ಇದೆ. ನಮ್ಮ ಲಿಪಿಯಲ್ಲಿ 'ಚುಕ್ಕೆ ಭಾರತ' ಸರ್ಕಾರದ ದಾರಿಯಿಂದ ಬಂದಿದೆ. 'ಚುಕ್ಕೆ ಕನ್ನಡ' ಬರಬೇಕಾದರೆ ಆ ಬಾಗಿಲೇ ತೆರೆಯಬೇಕು. ಚಿತ್ರದುರ್ಗದಲ್ಲಿ ನಾವು ಕೆಲವರು ಮೇಷ್ಟ್ರುಗಳು, ಒಬ್ಬ ವಕೀಲರು, ಒಬ್ಬ ಪ್ರೆಸ್ಸಿನವರು ಸೇರಿ ಕಟ್ಟಿಕೊಂಡ ಬಳಗ ಅದಕ್ಕಾಗಿ ಪತ್ರ ಬರೆದೂ ಬರೆದೂ ಸಾಕಾಗಿದೆ. ಈಗ ಆ ಸಂಸ್ಥೆಯವರು, ಕಿಗಾಲಿಯಲ್ಲಿ ಸಭೆ ಸೇರಿಸಿ ಭಾಷೆಯವರ ಮಾತು ಕೇಳುತ್ತೇವೆ, ಒಬ್ಬರು ಬನ್ನಿ, ಟಿಕೆಟ್ ನಾವೇ ಕೊಡುತ್ತೇವೆ ಎಂದಿದ್ದಾರೆ. ಉಳಿದವರೆಲ್ಲ ಒಂದೊಂದು ನೆಪ ಹೇಳಿ ನನ್ನನ್ನು ಮುಂದೆ ತಳ್ಳಿದ್ದಾರೆ.

ಅಣ್ಣ ಯೋಚಿಸಿದ. "ಅಂದ್ರೆ ರೇಷನ್ ಕಾರ್ಡ್ ಇದ್ದಂಗೆ. ಅರ್ಜಿ ತಗಳ್ಳೋ ಕಂಪ್ಯೂಟರ್ ಯಾವಾಗ ತೆರೀತಾರೋ ಅವ್ರಿಗೇ ಗೊತ್ತಿಲ್ಲ."

ಇದಕ್ಕಿಂತ ಚೆನ್ನಾಗಿ ನಮ್ಮ ಬಳಗದ ಯಾವ ಪತ್ರದಲ್ಲೂ ಬರೆದಿರಲಿಲ್ಲ.

ಅವ್ವ ಕೇಳಿದ್ದು ಒಂದೇ. "ಅಲ್ಲಿ ಉಣ್ಣಾಕೆ ಏನು ಸಿಗ್ತೈತೆ?" ಉತ್ತರಕ್ಕೆ ಕಾಯದೆ ಶೇಂಗಾ ಚಟ್ನಿಪುಡಿ ಕುಟ್ಟಲು ಎದ್ದಳು.

ಬಂದಿಳಿದ ದಿನ

ಕಿಗಾಲಿ ರುವಾಂಡಾ ದೇಶದ ರಾಜಧಾನಿ. ಆ ದೇಶದಲ್ಲಿ ಪ್ಲಾಸ್ಟಿಕ್ ಕವರು ನಿಷೇಧ ಎಂದು ವಿಮಾನದಲ್ಲಿ ಹೇಳಿದ್ದರಂತೆ. ನಾನು ನಿದ್ದೆ ಮಾಡುತ್ತಿದ್ದೆ. ನಿಲ್ದಾಣದಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಚೀಲ ತೆಗೆಸಿ, ಅವ್ವನ ಚಟ್ನಿಪುಡಿಯ ಕವರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದು ಔಷಧವೇ?"

"ಊಟಕ್ಕೆ" ಎಂದೆ.

ಮೂಗಿನ ಹತ್ತಿರ ತಂದಳು, ಸೀನಿದಳು, ನಕ್ಕಳು. ಪುಡಿಯನ್ನು ಎಸೆಯಲಿಲ್ಲ. ಎಲ್ಲಿಂದಲೋ ಒಂದು ಕಂದು ಕಾಗದದ ಚೀಲ ತಂದು, ತಾನೇ ನಿಧಾನವಾಗಿ ಸುರಿದು, ಬಾಯಿ ಮಡಿಚಿ ನನ್ನ ಕೈಗಿಟ್ಟಳು. ಕೊಡುವಾಗ ಬಲಗೈ ಚಾಚಿ, ಎಡಗೈಯಿಂದ ಬಲಗೈಯ ಮೊಣಕೈ ಹತ್ತಿರ ಮುಟ್ಟಿಕೊಂಡಳು. ಆಮೇಲೆ ಗೊತ್ತಾಯಿತು, ದೊಡ್ಡವರಿಗೆ ಏನಾದರೂ ಕೊಡುವಾಗ, ಕೈ ಕುಲುಕುವಾಗ ಅಲ್ಲಿನವರು ತೋರುವ ಮರ್ಯಾದೆ ಅದು. ನಮ್ಮಲ್ಲಿ ಎಡಗೈಲಿ ಕೊಟ್ಟರೆ ಅವ್ವ ಗದರುತ್ತಾಳೆ. ಇಲ್ಲಿ ಎಡಗೈಗೂ ಒಂದು ಕೆಲಸ ಕೊಟ್ಟು ಸಮಾಧಾನ ಮಾಡಿದ್ದಾರೆ.

ಶೇಂಗಾದ ಎಣ್ಣೆ ಕಾಗದವನ್ನು ಬಿಡುತ್ತದೆಯೇ? ಉಳಿದುಕೊಳ್ಳುವ ಮನೆ ಸೇರುವ ಹೊತ್ತಿಗೆ ನನ್ನ ಒಳ್ಳೆಯ ಮೈಸೂರು ಸಿಲ್ಕಿನ ಅಂಚಿಗೆ ನಮ್ಮೂರು ಹರಿಯಬ್ಬೆಯ ಮುದ್ರೆ ಬಿದ್ದಿತ್ತು.

ನಾನು ಉಳಿದುಕೊಂಡ ಮನೆಯಾಕೆಯ ಹೆಸರು ಶಾಂತಾಲ್. ನನ್ನ ಕಿವಿಗೆ ಅದು ಶಾಂತಲ ಎಂದೇ ಕೇಳಿಸಿತು, ಹಾಗೆಯೇ ಕರೆದೆ. ಆಕೆ ತಿದ್ದಲಿಲ್ಲ. ನನ್ನ ಹೆಸರು ಕೆಂಚಮ್ಮ ಎಂದಾಗ 'ಕೆಂಚಾಮಾ' ಎಂದಳು, ನಾನೂ ತಿದ್ದಲಿಲ್ಲ. ಸಾಲ ತೀರಿತು.

ಊರು ಎಂದರೆ ಬರೀ ಗುಡ್ಡ. ಚಿತ್ರದುರ್ಗದವರಿಗೆ ಗುಡ್ಡ ಹೊಸದಲ್ಲ, ಆದರೆ ನಮ್ಮವು ಬಂಡೆ. ಇವು ತುದಿಯವರೆಗೂ ಹಸಿರು, ಬುಡದವರೆಗೂ ಮನೆ. ನೆಲ ಮಾತ್ರ ನಮ್ಮ ಕಡೆಯ ಕೆಮ್ಮಣ್ಣು. ಕೆಂಪು ಧೂಳು ಕಾಲಿಗೆ ಹತ್ತಿದ ಮೇಲೆ ನನಗೆ ಧೈರ್ಯ ಬಂತು.

ಮರುದಿನ ಸಭೆಗೆ ಹೋಗಲು ಬೈಕ್ ಟ್ಯಾಕ್ಸಿ ಕರೆದೆ. ಆತ ನನಗೊಂದು ಹೆಲ್ಮೆಟ್ ಕೊಟ್ಟ. ಸೀರೆ ಸರಿಮಾಡಿಕೊಂಡು, ನಮ್ಮಲ್ಲಿ ಸ್ಕೂಟರಿನ ಹಿಂದೆ ಕೂರುವ ಹಾಗೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತೆ. ಆತ ಗಾಡಿ ಶುರು ಮಾಡಲೇ ಇಲ್ಲ. ಹಿಂದೆ ತಿರುಗಿ ನೋಡಿದ, ಇಳಿದ, ಇಳಿಜಾರು ತೋರಿಸಿದ, ತಲೆ ಅಲ್ಲಾಡಿಸಿದ. ಬೀಳುತ್ತೀರಿ, ನಾನು ಒಯ್ಯಲಾರೆ ಎಂಬುದು ಭಾಷೆ ಬಾರದಿದ್ದರೂ ತಿಳಿಯಿತು. ತಾನೇ ರಸ್ತೆಗೆ ಹೋಗಿ ಒಂದು ಕಾರು ನಿಲ್ಲಿಸಿ, ನನ್ನನ್ನು ಹತ್ತಿಸಿ, ಹೆಲ್ಮೆಟ್ ವಾಪಸು ತೆಗೆದುಕೊಂಡ. ಬಂದ ಗಿರಾಕಿಯನ್ನು ಬೇರೆಯವರಿಗೆ ಒಪ್ಪಿಸಿ ನಗುತ್ತಾ ನಿಂತವನನ್ನು ನಾನು ಮೊದಲ ಸಲ ನೋಡಿದ್ದು.

ಸಭೆಯ ಮೊದಲ ದಿನ

ಸಭಾಂಗಣ ದೊಡ್ಡದು. ಕೊರಳಿಗೆ ಹೆಸರಿನ ಪಟ್ಟಿ ನೇತುಹಾಕಿಕೊಂಡ ನೂರಾರು ಜನ. ಬಾಗಿಲು ತೆರೆಯಲು ಇಷ್ಟು ತಡ ಯಾಕೆ ಎಂಬುದರ ಮೇಲೆ ಬೆಳಗಿನಿಂದ ಮಾತು. ಕಂಪನಿಗಳವರು ತಡವಾದಷ್ಟೂ ನಮಗೆ ನಷ್ಟ ಎಂದರು. ಕೆಲವರು ಹಿಂದಿನ ಸಲ ಅವಸರದಲ್ಲಿ ಕೊಟ್ಟ ಹೆಸರುಗಳಿಂದ ಮೋಸಗಾರರಿಗೆ ಅನುಕೂಲವಾಯಿತು, ಈ ಸಲ ಅಳೆದು ತೂಗಿ ಕೊಡಿ ಎಂದರು. ಯಾರೂ ದನಿ ಏರಿಸಲಿಲ್ಲ. ನಮ್ಮ ತಾಲ್ಲೂಕು ಪಂಚಾಯಿತಿ ಸಭೆ ನೋಡಿದವಳಿಗೆ ಇದು ಜಗಳವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಗ ನೀಲಿ ಸೀರೆಯ ಹೆಂಗಸೊಬ್ಬಳು ಮೈಕಿನ ಮುಂದೆ ನಿಂತಳು. ನಮ್ಮ ಕಡೆಯ ಮುಖ. ಚಂದದ ಇಂಗ್ಲಿಷಿನಲ್ಲಿ, ಕನ್ನಡ ಮತ್ತು ತೆಲುಗು ಅಕ್ಷರಗಳು ಒಂದನ್ನೊಂದು ಹೋಲುತ್ತವೆ, ಎರಡೂ ಕಡೆಯ ವಿದ್ವಾಂಸರು ಕೂತು ಅದಕ್ಕೆ ನಿಯಮ ಬರೆದಿದ್ದಾರೆ, ಆದರೆ ಆ ನಿಯಮವನ್ನು ಕಂಪ್ಯೂಟರು ಪಾಲಿಸುತ್ತದೋ ಇಲ್ಲವೋ ಎಂಬ ಪರೀಕ್ಷೆ ಇನ್ನೂ ಮುಗಿದಿಲ್ಲ, ಮುಗಿಯುವವರೆಗೆ ಬಾಗಿಲು ತೆರೆಯಬೇಡಿ ಎಂದಳು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಾದಿದ್ದೇವೆ, ಇವಳು ಕಾಯಿರಿ ಎನ್ನುತ್ತಾಳಲ್ಲ. ಚಹಾದ ಹೊತ್ತಿಗೆ ನೇರ ಅವಳ ಮುಂದೆ ಹೋಗಿ ನಿಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಇಂಗ್ಲಿಷಿನಲ್ಲಿ, ನೀವು ಹೇಳಿದ್ದು ನಮ್ಮಂಥವರಿಗೆ ಅನ್ಯಾಯ ಎಂದು ಶುರು ಮಾಡಿದೆ.

ಅವಳು ನನ್ನ ಎದೆಯ ಮೇಲಿನ ಪಟ್ಟಿ ಓದಿದಳು. "ಏನಕ್ಕಾ, ನೀವು ಹಿರಿಯೂರೇನು?"

ನನ್ನ ಇಂಗ್ಲಿಷು ಅಲ್ಲಿಗೇ ನಿಂತಿತು.

"ನಮ್ದು ಮಡಕಶಿರ" ಎಂದಳು. "ಮನ್ಯಾಗೆ ಕನ್ನಡಾನೆ. ಇಸ್ಕೂಲ್ನಾಗೆ ತೆಲುಗು. ಬೈಯೋದು ಐತೆ ಅಂದ್ರೆ ಕನ್ನಡದಾಗೇ ಬೈರಿ, ಚೆನ್ನಾಗಿ ಅರ್ಥ ಆಗ್ತದೆ."

ಮಡಕಶಿರ ಆಂಧ್ರಕ್ಕೆ ಸೇರಿದ್ದು, ಆದರೆ ನಮ್ಮ ಪಕ್ಕದ ಊರೆಂದೇ ಲೆಕ್ಕ. ಅಲ್ಲಿಂದ ನಮ್ಮೂರಿಗೆ ಹೆಣ್ಣು ತಂದವರಿದ್ದಾರೆ. ಅವಳ ಹೆಸರು ವರಲಕ್ಷ್ಮಿ. ಅನಂತಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಆ ನಿಯಮ ಬರೆಯುವ ಕೆಲಸದಲ್ಲಿ ಅವಳ ಕೈಯೂ ಇತ್ತು.

ಬೈಯುವುದು ಬಾಕಿ ಇದ್ದುದರಿಂದ ಇಬ್ಬರೂ ಸಂಜೆ ಜೊತೆಗೇ ಹೊರಬಿದ್ದೆವು.

ಹಾಲಿನಂಗಡಿ

ಕಿಗಾಲಿಯಲ್ಲಿ ಹಾಲು ಕುಡಿಯುವುದಕ್ಕೆಂದೇ ಅಂಗಡಿಗಳಿವೆ. ನಮ್ಮ ಟೀ ಅಂಗಡಿಯ ಹಾಗೆ ಜನ ಬಂದು ಕೂರುತ್ತಾರೆ, ದೊಡ್ಡ ಲೋಟದಲ್ಲಿ ಹಾಲು ಕುಡಿಯುತ್ತಾರೆ, ಹೋಗುತ್ತಾರೆ. ಟೈ ಕಟ್ಟಿದ ಅಧಿಕಾರಿ, ಇಟ್ಟಿಗೆ ಹೊರುವವನು, ಇಬ್ಬರ ಮೇಲ್ತುಟಿಯ ಮೇಲೂ ಬಿಳಿ ಗೆರೆ. ಬಿಸಿ ಹಾಲು ಬೇಕೆಂದರೆ ಅದು, ಇಲ್ಲವೆಂದರೆ ಹೆಪ್ಪು ಹಾಕಿ ಕಡೆದ ಗಟ್ಟಿ ಹಾಲು. ಅದಕ್ಕೆ ಇಕಿವುಗುಟೊ ಎನ್ನುತ್ತಾರೆ. ಒಂದು ಗುಟುಕು ಕುಡಿದೆ. ಉಪ್ಪೊಂದು ಇಲ್ಲ, ಉಳಿದಂತೆ ನಮ್ಮಜ್ಜಿಯ ಗಡಿಗೆಯ ಮೊಸರು. ನಾವು ಕುರಿ ಮೇಯಿಸುವ ಮನೆಯವರು. ಹಾಲಿನ ಮುಂದೆ ನನಗೆ ಸಂಕೋಚವಿಲ್ಲ. ಎರಡನೆಯ ಲೋಟ ತರಿಸಿದೆ.

"ಈಗ ಬೈರಿ" ಎಂದಳು ವರಲಕ್ಷ್ಮಿ.

"ನಮ್ಮವ್ವ ಫೋನ್ನಾಗೆ ಕನ್ನಡ ಓದ್ತಾಳೆ. ಇಂಗ್ಲಿಷ್ ಒಂದಕ್ಷರ ಬರಲ್ಲ. ವಿಳಾಸ ಅನ್ನೋದು ಅವಳಿಗೆ ಇನ್ನೂ ಬೀಗ ಹಾಕಿದ ಮನೆ. ಅದನ್ನ ಇನ್ನೂ ಎಷ್ಟು ದಿನ ಹಾಕಿಡ್ತೀಯ?" ಎಂದೆ. ಸಭೆಯಲ್ಲಿ ಹೇಳಬೇಕೆಂದು ತಿದ್ದಿ ತಿದ್ದಿ ಬರೆದುಕೊಂಡದ್ದಕ್ಕಿಂತ ಇದೇ ಚೆನ್ನಾಗಿ ಬಂತು.

ಅವಳು ಅಂಗಡಿಯ ಕಾಗದದ ಕರವಸ್ತ್ರ ಎಳೆದು ಒಂದು ಪದ ಬರೆದಳು. "ಓದ್ರಿ."

"ಜನ."

"ಯಾವ ಭಾಷೆ?"

"ಕನ್ನಡ."

"ನಾನು ಬರೆದಿದ್ದು ತೆಲುಗಕ್ಕಾ."

ನೋಡಿದೆ. ಹೌದು, 'ನ'ದ ತಲೆಯ ಮೇಲೆ ತಲೆಕಟ್ಟು ತೆಲುಗಿನದು, ಮೇಲಕ್ಕೆ ಕೊಕ್ಕೆ ಹಾಕಿದ್ದಳು. ಮೂವತ್ತು ವರ್ಷ ಅಕ್ಷರದಲ್ಲೇ ಬದುಕಿದವಳು ನಾನು, ನನ್ನ ಕಣ್ಣು ಆ ಕೊಕ್ಕೆಯನ್ನು ದಾಟಿ ಹೋಗಿತ್ತು. ನಮಗೆ ಅವೆರಡೂ ಒಂದೇ ಓದು, ಕಂಪ್ಯೂಟರಿಗೆ ಬೇರೆ ಬೇರೆ ಹೆಸರು. ಒಬ್ಬನಿಗೆ ಕನ್ನಡದ 'ಜನ' ಕೊಟ್ಟು, ಇನ್ನೊಬ್ಬನಿಗೆ ತೆಲುಗಿನ 'ಜನ' ಕೊಟ್ಟರೆ, ಯಾವುದು ಯಾರ ಮನೆ?

ಅವಳ ತಂಗಿಯ ಮಗಳು ನರ್ಸಿಂಗ್ ಸೀಟಿಗೆ ಅರ್ಜಿ ಹಾಕಿದ್ದಳಂತೆ. ಕಾಲೇಜಿನ ವಿಳಾಸದಂತೆಯೇ ಕಾಣುವ, ಇಂಗ್ಲಿಷಿನಲ್ಲಿ ಒಂದು ಅಕ್ಷರ ಮಾತ್ರ ಬೇರೆಯಾದ ನಕಲಿ ಪುಟ. ಕೊನೆಯ ದಿನ ಕಳೆದ ಮೇಲೆ ವಿಚಾರಿಸಿದರೆ ಅರ್ಜಿ ಬಂದೇ ಇಲ್ಲ. ಆ ಹುಡುಗಿಗೆ ಒಂದು ವರ್ಷ ಹೋಯಿತು.

"ಅದು ಇಂಗ್ಲಿಷ್ನಾಗೆ ಆಗಿದ್ದು" ಎಂದಳು. "ನಮ್ಮೆರಡು ಲಿಪಿನಾಗೆ ಆದ್ರೆ ಯಾರು ಕಂಡುಹಿಡೀತಾರೆ? ನೀವೇ ಹಿಡೀಲಿಲ್ಲ."

ಕೋಪ ಎಲ್ಲಿ ಹೋಯಿತೋ. ಆದರೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಒಂದು ಹೆಸರು ಒಬ್ಬರಿಗೆ ಹೋದ ಮೇಲೆ ಅದರ ಅವಳಿಯನ್ನು ಯಾರಿಗೂ ಕೊಡದಿದ್ದರಾಯಿತಲ್ಲ ಎಂದೆ. ನಿಯಮವೂ ಅದನ್ನೇ ಹೇಳುತ್ತದೆ, ಪರೀಕ್ಷೆ ಮಾಡುವುದೊಂದೇ ಬಾಕಿ ಎಂದಳು. ಅಲ್ಲಿಗೆ ನಮ್ಮ ನಡುವೆ ಉಳಿದಿದ್ದು ಅವಸರ ಮಾತ್ರ. ಅದರ ಮೇಲೆ ಇನ್ನೊಂದಿಷ್ಟು ಹೊತ್ತು ಹಿತವಾಗಿ ಜಗಳವಾಡಿದೆವು.

ಮನೆಗೆ ಬಂದಾಗ ಶಾಂತಾಲ್ ಊಟಕ್ಕೆ ಕರೆದಳು. ತಟ್ಟೆಯಲ್ಲಿ ಮುದ್ದೆ. ನಿಜವಾಗಿಯೂ ಮುದ್ದೆ, ಬಿಳಿಯದು, ಮರಗೆಣಸಿನ ಹಿಟ್ಟಿನದು, ಪಕ್ಕದಲ್ಲಿ ಸೊಪ್ಪಿನ ಸಾರಿನಂಥದು. ನಾನು ಮುರಿದು, ಅದ್ದಿ, ನಮ್ಮ ರೀತಿಯಲ್ಲಿ ಅಗಿಯದೆ ನುಂಗಿದೆ. ಅದು ರಾಗಿಯಲ್ಲ. ಗಂಟಲಲ್ಲಿ ನಿಂತುಕೊಂಡಿತು, ಕೆಳಗೂ ಇಲ್ಲ ಮೇಲೂ ಇಲ್ಲ. ಶಾಂತಾಲ್ ಬೆನ್ನು ತಟ್ಟಿ ನೀರು ಕುಡಿಸಿದಳು. ಅಗಿಯಬೇಕು ಎಂದು ಹಲ್ಲು ತೋರಿಸಿ ಕಲಿಸಿದಳು. ಚಟ್ನಿಪುಡಿ ಹಚ್ಚಿಕೊಂಡ ಮೇಲೆ ಅದಕ್ಕೂ ನನಗೂ ರಾಜಿಯಾಯಿತು. ಶಾಂತಾಲ್ ಕೂಡ ಒಂದು ಚಿಟಿಕೆ ಹಾಕಿಕೊಂಡಳು, ಆಮೇಲೆ ಇನ್ನೊಂದು.

ಈ ಸಭೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಅವಳಿಗೆ ನಾಲ್ಕು ಭಾಷೆ ಬರುತ್ತದೆ, ನಾಲ್ಕನ್ನೂ ಅದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾಳೆ. ಅಕ್ಷರಕ್ಕೂ ತೊಂದರೆ ಇರಬಹುದು ಎಂಬುದು ಅವಳಿಗೆ ಹೊಸದು. ಕನ್ನಡದಲ್ಲಿ ಅವಳ ಹೆಸರು ಬರೆದು ತೋರಿಸಿದೆ. ತುಂಬ ಹೊತ್ತು ನೋಡಿ, ಬೆರಳಿಟ್ಟು ಕೇಳಿದಳು, "ಇದನ್ನು ಎಲ್ಲಿಂದ ಶುರು ಮಾಡುತ್ತೀರಿ?" 'ಶ'ದ ತಿರುವನ್ನು ಅವಳ ಬೆರಳು ಹಿಡಿದು ಬರೆಸಿದೆ. ಒಂದನೇ ತರಗತಿಗೆ ಪಾಠ ಹೇಳಿ ನನಗೆ ಅಭ್ಯಾಸವಿಲ್ಲ. ಖುಷಿಯಾಯಿತು.

ಮೈಕಿನ ಮುಂದೆ

ಸಭೆಯ ಕೊನೆಯ ದಿನ ಕಂಪನಿಯ ಕಡೆಯ ಒಬ್ಬ ಎತ್ತರದ ಮನುಷ್ಯ ಎದ್ದು ಒಂದು ದಾರಿ ಸೂಚಿಸಿದ. ಸಭ್ಯ ಮನುಷ್ಯ, ಕಾದು ಬೇಸತ್ತವನು. ಯಾವ ಲಿಪಿಗಳಲ್ಲಿ ಗೊಂದಲವಿದೆಯೋ ಅವು ಹಿಂದೆ ಉಳಿಯಲಿ, ತಯಾರಾದವರಿಗೆ ಈಗಲೇ ಬಾಗಿಲು ತೆರೆಯಿರಿ, ಉಳಿದವರು ಆಮೇಲೆ ಬರುತ್ತಾರೆ, ಅವರೇ ಕಾಯುತ್ತೇವೆ ಎಂದಿದ್ದಾರಲ್ಲ ಎಂದು ವರಲಕ್ಷ್ಮಿ ಕೂತ ಕಡೆಗೆ ಕೈ ತೋರಿಸಿದ.

ಸಭೆಯಲ್ಲಿ ತಲೆಗಳು ಅಲ್ಲಾಡಿದವು. ಹೌದಲ್ಲ, ಸುಲಭವಾಯಿತಲ್ಲ ಎಂಬಂತೆ.

ವರಲಕ್ಷ್ಮಿಯ ಮುಖ ನೋಡಿದೆ. ಬಿಳಿಚಿಕೊಂಡಿತ್ತು. "ನಾನು ಎಲ್ರೂ ಕಾಯಾಣ ಅಂದೆ ಅಕ್ಕಾ" ಎಂದಳು ಮೆಲ್ಲಗೆ. "ನಮ್ಮನ್ನ ಬಿಟ್ಟು ಹೋಗ್ರಿ ಅನ್ಲಿಲ್ಲ."

'ಆಮೇಲೆ' ಎಂಬ ಮಾತಿನ ಬೆಲೆ ನಮ್ಮ ಕಡೆಯವರಿಗೆ ಗೊತ್ತು. ಬಸ್ಸು ಹೊರಟ ಮೇಲೆ ಹಿಂದಿನ ಬಸ್ಸು ಖಾಲಿ ಬರುತ್ತದೆ ಎನ್ನುವ ಕಂಡಕ್ಟರನ ಮಾತು ಅದು. ಎಲ್ಲರೂ ಒಟ್ಟಿಗೆ ಬಾಗಿಲಲ್ಲಿ ನಿಂತಿದ್ದಾರೆ ಎಂದೇ ಒಳಗಿನವರಿಗೆ ಅವಸರ. ಇಂಗ್ಲಿಷಿನವರು ಒಳಗೆ ಹೋದ ಮೇಲೆ ನಮ್ಮ ಪರೀಕ್ಷೆ ಮುಗಿಸಲು ಯಾರಿಗೆ ಆತುರ?

"ಏಳು, ಹೋಗಾಣ" ಎಂದೆ.

ಮಾತಾಡಲು ಒಬ್ಬೊಬ್ಬರಿಗೆ ಎರಡೇ ನಿಮಿಷ. ಎದುರಿನ ಪರದೆಯಲ್ಲಿ ಗಡಿಯಾರ ಓಡುತ್ತದೆ, ಮುಗಿದರೆ ಕೆಂಪಾಗುತ್ತದೆ. ಹಲವು ಭಾಷೆಗಳಿಗೆ ಅನುವಾದಕರಿದ್ದರು, ಕನ್ನಡಕ್ಕಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಬೇಗ ತೆರೆಯಿರಿ ಎಂದು ಕೇಳಲು ಇಲ್ಲಿಗೆ ಬಂದೆ, ಈಗ ಅದನ್ನು ಕೇಳುತ್ತಿಲ್ಲ ಎಂದೆ. ಅವ್ವನ ಫೋನಿನ ವಿಷಯ ಹೇಳಿದೆ. ಆಮೇಲೆ ಪದ ಸಿಗಲಿಲ್ಲ. ಬಾಯಿಗೆ ಬಂದದ್ದು ಕನ್ನಡ. "ಹಿಂದೆ ನಿಲ್ಲಿಸಿದವರನ್ನ ಯಾರೂ ತಿರುಗಿ ಕರೆಯಲ್ಲ" ಎಂದುಬಿಟ್ಟೆ. ಗಡಿಯಾರ ಕೆಂಪಾಯಿತು.

ಅಧ್ಯಕ್ಷತೆ ವಹಿಸಿದ್ದ ಹೆಂಗಸು ಬಗ್ಗಿ, ಮುಂದಿನವರು ಎಂದಳು. ಮುಂದಿನವಳು ವರಲಕ್ಷ್ಮಿ. ಅವಳು ತನ್ನ ಮಾತು ಶುರು ಮಾಡಲಿಲ್ಲ. ನನ್ನ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ, ನನ್ನ ಕಡೆ ನೋಡಿದಳು. "ಹೇಳ್ರಿ ಅಕ್ಕಾ, ಇದು ನಿಮ್ ಟೈಮೇ."

ಹೇಳಿದೆ. ಅವಳ ಎರಡು ನಿಮಿಷವನ್ನೂ ನಾನೇ ಕನ್ನಡದಲ್ಲಿ ಮಾತಾಡಿದೆ, ಅವಳು ವಾಕ್ಯವಾಕ್ಯಕ್ಕೂ ದಾಟಿಸಿದಳು. ನಿಯಮ ಬರೆದಾಗಿದೆ, ಬರೆದವಳು ಇಲ್ಲೇ ನಿಂತಿದ್ದಾಳೆ. ಪರೀಕ್ಷೆಗೆ ಬೇಕಾದಷ್ಟು ಸಮಯ ತೆಗೆದುಕೊಳ್ಳಿ. ಕಾಯಬೇಕೆಂದರೆ ಎಲ್ಲರೂ ಕಾಯೋಣ, ಹೋಗಬೇಕೆಂದರೆ ಎಲ್ಲರೂ ಹೋಗೋಣ. ಒಂದೇ ಬಾಗಿಲು, ಒಂದೇ ದಿನ.

ನಮ್ಮ ಹಿಂದೆ ಸಾಲು ನಿಂತಿದ್ದವರಲ್ಲಿ ಅರಬ್ಬಿ ಬರೆಯುವವನೊಬ್ಬ ಇದೇ ಮಾತು ಆಡಿದ. ಆಮೇಲೆ ಇನ್ನೊಬ್ಬರು. ಮಧ್ಯಾಹ್ನ ಆ ಎತ್ತರದ ಮನುಷ್ಯ ತಾನೇ ಎದ್ದು ಸೂಚನೆ ಹಿಂತೆಗೆದುಕೊಂಡ. ಬಾಗಿಲು ತೆರೆಯುವಾಗ ಎಲ್ಲ ಲಿಪಿಗಳಿಗೂ ಒಟ್ಟಿಗೆ ಎಂದು ಅಧ್ಯಕ್ಷೆ ಓದಿ ಹೇಳಿದಳು. ಪರೀಕ್ಷೆಗಾಗಿ ದಿನ ಮಾತ್ರ ಮತ್ತೆ ಮುಂದಕ್ಕೆ ಹೋಯಿತು.

ತಡ ಬೇಡ ಎನ್ನಲು ಹೋದವಳು ಇನ್ನಷ್ಟು ತಡ ಪಡೆದುಕೊಂಡು ಹೊರಬಂದೆ. ಆದರೂ ಮೆಟ್ಟಿಲಿಳಿಯುವಾಗ ಮೈ ಹಗುರವಾಗಿತ್ತು. ಸಂಜೆ ಫೋನಿನಲ್ಲಿ ಅಣ್ಣ, "ಅಂದ್ರೆ ಇನ್ನೂ ಲೇಟಾತು ಅನ್ನು" ಎಂದ.

"ಹೂಂ. ಆದ್ರೆ ಸಾಲ್ನಾಗೆ ನಾವು ಅದೀವಿ."

"ಹಂಗಾದ್ರೆ ಪರವಾಗಿಲ್ಲ" ಎಂದ.

ಶನಿವಾರ

ಹೊರಡುವ ದಿನ ಶನಿವಾರ, ತಿಂಗಳ ಕೊನೆಯದು. ಪ್ರತಿ ತಿಂಗಳೂ ಆ ದಿನ ಬೆಳಿಗ್ಗೆ ದೇಶವೆಲ್ಲ ಅಂಗಡಿ ಮುಚ್ಚಿ ಬೀದಿಗಿಳಿದು ಒಟ್ಟಿಗೆ ಕೆಲಸ ಮಾಡುತ್ತದೆ. ಶಾಂತಾಲ್ ಮೋಟು ಪೊರಕೆ ಹಿಡಿದು ಹೊರಟಳು. ನೀವು ಅತಿಥಿ, ಕೂತಿರಿ ಎಂದಳು. ನಾನು ಸೆರಗು ಸಿಕ್ಕಿಸಿ ಇನ್ನೊಂದು ಪೊರಕೆ ತೆಗೆದುಕೊಂಡೆ. ವರಲಕ್ಷ್ಮಿಯೂ ಬಂದಳು.

ಚರಂಡಿಯ ಹುಲ್ಲು ಕಿತ್ತೆವು, ಮಣ್ಣು ಎಳೆದೆವು. ನನ್ನ ಪಕ್ಕದಲ್ಲಿ ಗುದ್ದಲಿ ಹಿಡಿದಿದ್ದವರು ಬ್ಯಾಂಕ್ ಮ್ಯಾನೇಜರಂತೆ, ಆಚೆ ಬದಿಯವರು ಪಾದ್ರಿ. ನಮ್ಮ ಬೀದಿಯಲ್ಲಿ ಕಸ ನಮ್ಮ ಹೊಸ್ತಿಲು ದಾಟಿದರೆ ಅದು ಪುರಸಭೆಯದು. ಇಲ್ಲಿ ಯಾರ ಮನೆಯ ಮುಂದಿನದು ಎಂದು ಯಾರೂ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಎಲ್ಲರೂ ಮರದ ಕೆಳಗೆ ಕೂತು ಊರಿನ ಮಾತು ಆಡಿದರು. ನಮಗೆ ಅರ್ಥವಾಗಲಿಲ್ಲ. ವರಲಕ್ಷ್ಮಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.

ಹೊರಡುವಾಗ ಶಾಂತಾಲ್ ಕೈ ಹಿಡಿದಳು. ನಾನು ಎಡಗೈಯಿಂದ ಬಲ ಮೊಣಕೈ ಮುಟ್ಟಿಕೊಂಡೆ. ಅವಳು ಕೈಬಿಟ್ಟು, ನಮ್ಮ ಹಾಗೆ ಎರಡೂ ಕೈ ಜೋಡಿಸಿದಳು.

ಮಾರಿಕಣಿವೆ

ಊರಿಗೆ ಬಂದು ಕೆಲವು ವಾರಗಳಾಗಿದ್ದವು. ಒಂದು ಭಾನುವಾರ ವರಲಕ್ಷ್ಮಿ, ಅವಳ ಗಂಡ, ನರ್ಸಿಂಗ್ ಓದುವ ಆ ಹುಡುಗಿ ಮಡಕಶಿರದಿಂದ ಬಂದರು. ಹುಡುಗಿಗೆ ಈ ವರ್ಷ ಸೀಟು ಸಿಕ್ಕಿತ್ತು. ಅಣ್ಣ, ಅವ್ವನನ್ನೂ ಕರೆದುಕೊಂಡು ಎಲ್ಲರೂ ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟೆಗೆ ಹೋದೆವು. ನೀರು ಚೆನ್ನಾಗಿತ್ತು. ಕಟ್ಟೆಯ ಕೆಳಗೆ ಮೀನು ಹುರಿಯುವ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತೆವು.

ಅವ್ವ ವರಲಕ್ಷ್ಮಿಯನ್ನು ಮೇಲಿಂದ ಕೆಳಗೆ ನೋಡಿದಳು. ಯಾವೂರು, ಯಾರ ಪೈಕಿ, ಅಜ್ಜಿ ಯಾರು ಎಂದೆಲ್ಲ ವಿಚಾರಿಸಿದಳು. ವಿಚಾರಿಸುತ್ತಾ ಹೋದಂತೆ ಅವ್ವನ ಚಿಕ್ಕತ್ತೆಯನ್ನು ಕೊಟ್ಟ ಬೀದಿಯೂ ವರಲಕ್ಷ್ಮಿಯ ಬೀದಿಯೂ ಒಂದೇ ಎಂದು ತಿಳಿಯಿತು.

"ಮತ್ತೆ ನಮ್ ಕೆಂಚಿ ನಿಂಗೆಲ್ಲಿ ಸಿಕ್ಕಿದ್ಲವ್ವಾ?"

"ಆಫ್ರಿಕಾದಾಗಜ್ಜಿ."

ಅವ್ವ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಮಡಕಶಿರಕ್ಕೆ ಹಿರಿಯೂರಿಂದ ದಿನಾ ಬಸ್ಸೈತಲ್ಲೇ."